ನಾಟಕದ ಮೇಲೆ ಹೂಡಿದ ದಾವೆ



1566ನೆಯ ಇಸವಿ. ಇಂಗ್ಲೆಂಡಿನ ರಾಣಿ ಒಂದನೆಯ ಎಲಿಜಬೆತ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದಿದ್ದಳು. ಅವಳ ಮನರಂಜನೆಗೆಂದು ಅಲ್ಲಿಯ ವಿದ್ಯಾರ್ಥಿಗಳು ‘ಪ್ಯಾಲಮನ್ ಮತ್ತು ಆರ್ಸೈಟ್’ ಎಂಬ ನಾಟಕ ಆಡಿದರು. ಅದರಲ್ಲಿ ಹಿಪ್ಪೊಲಿಟಾ ರಾಣಿಯ ಪಾತ್ರಕ್ಕೆ ಹೆಣ್ಣುವೇಷ ಕಟ್ಟಿದವನು ಜಾನ್ ರೇನಾಲ್ಡ್ಸ್ ಎಂಬ ಹದಿಹರೆಯದ ಹುಡುಗ. ಹುಡುಗ ಓದಿ ದೊಡ್ಡ ಪಂಡಿತನಾದ. ಬೈಬಲ್ಲಿಗೆ ಹೊಸ ಇಂಗ್ಲಿಷ್ ಅನುವಾದವೊಂದು ಬೇಕು ಎಂದು 1604ರಲ್ಲಿ ಜೇಮ್ಸ್ ದೊರೆಯ ಮುಂದೆ ಕೇಳಿದವನು ಇವನೇ. ಅದಕ್ಕೂ ಐದು ವರ್ಷ ಮೊದಲು, 1599ರಲ್ಲಿ, ಇವನದೊಂದು ಪುಸ್ತಕ ಅಚ್ಚಾಗಿತ್ತು. ರಂಗದ ಆಟಗಳನ್ನೆಲ್ಲ ಬುಡಸಮೇತ ಕೀಳಬೇಕು ಎನ್ನುವುದು ಅದರ ವಾದ. ಗಂಡಸು ಹೆಂಗಸಿನ ಉಡುಪು ಉಡುವುದು ದೇವರ ಆಜ್ಞೆಗೆ ವಿರುದ್ಧ ಎನ್ನುವುದು ಅದರಲ್ಲಿ ಮುಖ್ಯವಾದ ಆರೋಪ.

ಹದಿನಾರು, ಹದಿನೇಳನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಕಾವ್ಯ, ಸಂಗೀತ, ನಾಟಕಗಳ ಮೇಲೆ ಇಂಥ ದಾವೆಗಳು ಒಂದರ ಮೇಲೊಂದು ಬಂದವು. ಷೇಕ್ಸ್‌ಪಿಯರ್ ಬರೆಯುತ್ತಿದ್ದ ಕಾಲವೇ ಇದು. ಈ ಫಿರ್ಯಾದಿಗಳನ್ನು ರಸಹೀನರು, ಮಡಿವಂತರು ಎಂದು ನಕ್ಕು ತಳ್ಳಿಬಿಡುವುದು ನಮಗೆ ಸುಲಭ. ಆದರೆ ಇವರಲ್ಲಿ ಹಲವರು ರಂಗಭೂಮಿಯ ಒಳಗನ್ನು ಕಂಡವರು. ನಾಟಕಕ್ಕೆ ಮನುಷ್ಯನನ್ನು ಬದಲಾಯಿಸುವ ಶಕ್ತಿ ಇದೆ ಎಂದು ಗಾಢವಾಗಿ ನಂಬಿದವರು. ಇನ್ನೂ ಸೋಜಿಗವೆಂದರೆ, ನಾಟಕದ ಪರವಾಗಿ ನಿಂತ ಬಹುಪಾಲು ಜನರೂ ಅದನ್ನೇ ನಂಬಿದ್ದರು. ವಾದಿ ಪ್ರತಿವಾದಿಗಳಿಬ್ಬರೂ ಹಿಡಿದದ್ದು ಒಂದೇ ತಕ್ಕಡಿ. ಆ ತಕ್ಕಡಿ ಸರಿಯಾಗಿತ್ತೇ? ಈ ಹೊತ್ತು ನಾನು ಕೇಳಬೇಕೆಂದಿರುವ ಪ್ರಶ್ನೆ ಅದು.

ಮೊದಲು ಆ ಕಾಲದ ಲಂಡನ್ನನ್ನು ನೋಡೋಣ. ಹಬ್ಬಹರಿದಿನಗಳಲ್ಲಿ, ಅರಮನೆಯಲ್ಲಿ, ಶಾಲೆಯಲ್ಲಿ ನಾಟಕ ಆಡುವುದು ಹಳೆಯ ವಾಡಿಕೆ. ದುಡ್ಡು ಕೊಟ್ಟವರಿಗೆಲ್ಲ, ವಾರದ ಯಾವ ದಿನವಾದರೂ ನಾಟಕ ಎನ್ನುವುದು ಹೊಸದು. 1576ರಲ್ಲಿ ಜೇಮ್ಸ್ ಬರ್ಬೇಜ್ ಎಂಬಾತ ನಗರದ ಎಲ್ಲೆಯಾಚೆ ಷೋರ್‌ಡಿಚ್‌ನಲ್ಲಿ ಮರದ ರಂಗಮಂದಿರವೊಂದನ್ನು ಕಟ್ಟಿಸಿ ಅದಕ್ಕೆ ‘ದಿ ಥಿಯೇಟರ್’ ಎಂದೇ ಹೆಸರಿಟ್ಟ. ಅವನು ಮೊದಲು ಬಡಗಿ, ಆಮೇಲೆ ನಟ. ಮರುವರ್ಷ ಪಕ್ಕದಲ್ಲೇ ‘ಕರ್ಟನ್’ ಎದ್ದಿತು. 1587ರಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ‘ರೋಸ್’, 1599ರಲ್ಲಿ ‘ಗ್ಲೋಬ್’ ಬಂದವು. ನಿಂತು ನೋಡುವವರಿಗೆ ಒಂದು ಪೆನ್ನಿ. ಆಟ ನಡೆಯುತ್ತಿದ್ದುದು ಮಧ್ಯಾಹ್ನದ ಹಗಲು ಬೆಳಕಿನಲ್ಲಿ, ಅಂದರೆ ಕೂಲಿಯವರೂ ಕಸುಬು ಕಲಿಯುವ ಹುಡುಗರೂ ಕೆಲಸದಲ್ಲಿರಬೇಕಾದ ಹೊತ್ತಿನಲ್ಲಿ.

ನಗರದ ಆಡಳಿತ ಹಿಡಿದಿದ್ದ ವರ್ತಕರಿಗೆ ಇದು ಹಿಡಿಸಲಿಲ್ಲ. 1574ರಲ್ಲೇ ನಗರಸಭೆ ಒಂದು ಕಟ್ಟಳೆ ಮಾಡಿತ್ತು. ಅದು ಪಟ್ಟಿ ಮಾಡಿದ ಕೇಡುಗಳನ್ನು ಕೇಳಿ: ಜನ ಗುಂಪುಗೂಡಿ ಜಗಳವಾಡುತ್ತಾರೆ, ಛತ್ರದ ಕೋಣೆಗಳಲ್ಲಿ ಎಳೆಯ ಹೆಣ್ಣುಮಕ್ಕಳು ಮರುಳಾಗುತ್ತಾರೆ, ಬಡವರು ಕಾಸು ಕಳೆಯುತ್ತಾರೆ, ಜೇಬುಗಳ್ಳರಿಗೆ ಸುಗ್ಗಿ, ಅಟ್ಟಣಿಗೆ ಕುಸಿದು ಸಾವುನೋವು, ಪ್ಲೇಗ್ ಹರಡುತ್ತದೆ. ಇದರಲ್ಲಿ ಧರ್ಮಶಾಸ್ತ್ರಕ್ಕಿಂತ ಪೊಲೀಸ್ ಠಾಣೆಯ ಕಾಳಜಿ ಹೆಚ್ಚು. ಅವು ಪೊಳ್ಳು ಭಯಗಳೂ ಅಲ್ಲ. 1593, 1603ರ ಪ್ಲೇಗ್ ಮಾರಿಗೆ ರಂಗಮಂದಿರಗಳು ತಿಂಗಳುಗಟ್ಟಲೆ ಮುಚ್ಚಿದವು. ಇನ್ನು ನಟನ ಸ್ಥಾನಮಾನ ಹೇಳುವುದೇ ಬೇಡ. 1572ರ ಕಾನೂನಿನಂತೆ ಸರದಾರನೊಬ್ಬನ ಆಶ್ರಯವಿಲ್ಲದೆ ಊರೂರು ತಿರುಗಿ ಆಡುವ ನಟ ಅಲೆಮಾರಿ ಪುಂಡರ ಸಾಲಿಗೆ ಸೇರುತ್ತಿದ್ದ. ಹಿಡಿದರೆ ಚಾಟಿಯೇಟು. ಅದಕ್ಕೇ ಮೇಳಗಳಿಗೆಲ್ಲ ದೊಡ್ಡವರ ಹೆಸರು. ಷೇಕ್ಸ್‌ಪಿಯರನ ಮೇಳ ಮೊದಲು ಲಾರ್ಡ್ ಚೇಂಬರ್ಲಿನ್‌ನ ಸೇವಕರದು, ಆಮೇಲೆ ದೊರೆಯ ಸೇವಕರದು. ನಗರಸಭೆ ಮುಚ್ಚಿಸಿ ಎಂದಾಗಲೆಲ್ಲ ಅರಮನೆಯ ಕಡೆಯಿಂದ ಬರುತ್ತಿದ್ದ ಉತ್ತರ ಒಂದೇ: ಕ್ರಿಸ್ಮಸ್ಸಿಗೆ ರಾಣಿಯ ಮುಂದೆ ಆಡಬೇಕಾದವರು ಇವರು, ಅಭ್ಯಾಸ ಬೇಡವೆ?

ಈ ಹಿನ್ನೆಲೆಯಲ್ಲಿ 1579ರಲ್ಲಿ ಒಂದು ತೆಳು ಪುಸ್ತಕ ಬಂತು. ಹೆಸರು ‘ದಿ ಸ್ಕೂಲ್ ಆಫ್ ಅಬ್ಯೂಸ್’. ಬರೆದವನು ಸ್ಟೀಫನ್ ಗಾಸನ್, ಇಪ್ಪತ್ತೈದರ ಆಸುಪಾಸಿನ ಆಕ್ಸ್‌ಫರ್ಡ್ ಪದವೀಧರ. ಕವಿಗಳು, ವಾದ್ಯಗಾರರು, ನಟರು, ವಿದೂಷಕರು ಎಲ್ಲರನ್ನೂ ಅವನು ದೇಶದ ಪೈರು ಮೇಯುವ ಹುಳುಗಳ ಜಾತಿಗೆ ಸೇರಿಸಿದ. ಗಾಸನ್ ಸ್ವತಃ ನಾಟಕ ಬರೆದು ಲಂಡನ್ನಿನ ರಂಗಕ್ಕೆ ಕೊಟ್ಟವನು! ಬೈಯುವ ಪುಸ್ತಕದಲ್ಲೂ ಕೆಲವು ಒಳ್ಳೆಯ ನಾಟಕಗಳಿಗೆ ವಿನಾಯಿತಿ ಕೊಟ್ಟ. ಆ ಒಳ್ಳೆಯವುಗಳಲ್ಲಿ ಪ್ರಾಚೀನ ರೋಮಿನ ಕ್ಯಾಟಿಲೈನ್‌ನ ಪಿತೂರಿಯ ಬಗ್ಗೆ ತಾನೇ ಬರೆದದ್ದೂ ಒಂದು. ನಟರು ಬಿಡುತ್ತಾರೆಯೇ? ಅವನ ಹಳೆಯ ನಾಟಕಗಳನ್ನು ಹುಡುಕಿ ರಂಗಕ್ಕೆ ತಂದರು. ಸಿಟ್ಟಿಗೆದ್ದ ಗಾಸನ್ 1582ರಲ್ಲಿ ಇನ್ನೊಂದು ಖಂಡನಗ್ರಂಥ ಬರೆದ. ಅದನ್ನೂ ನಾಟಕದ ಹಾಗೆ ಐದು ಅಂಕ ಮಾಡಿಯೇ ಬರೆದ.

ಗಾಸನ್ ಸಂಗೀತವನ್ನು ಬೈದ ಬಗೆ ಗಮನಿಸುವಂಥದ್ದು. ಪ್ರಾಚೀನರ ಸಂಗೀತ ಯೋಧರಿಗೆ ಧೈರ್ಯ ಕೊಡುತ್ತಿತ್ತು, ದೇವತೆಗಳನ್ನೂ ವೀರರನ್ನೂ ಹಾಡುತ್ತಿತ್ತು. ಈಗಿನವರು ತಂತಿ ಹೆಚ್ಚಿಸಿ, ರಾಗ ಎಳೆದು ಕಿವಿಗೆ ಕಚಗುಳಿ ಇಡುತ್ತಾರೆ ಎಂಬುದು ಅವನ ದೂರು. ನಾಲ್ಕು ವರ್ಷಗಳ ಮೇಲೆ, 1583ರಲ್ಲಿ, ಫಿಲಿಪ್ ಸ್ಟಬ್ಸ್ ಇನ್ನೂ ಮುಂದಕ್ಕೆ ಹೋದ. ದೇಶದ ದುರಾಚಾರಗಳನ್ನೆಲ್ಲ ಸೀಳಿ ತೋರಿಸುವ ಅವನ ಪುಸ್ತಕದಲ್ಲಿ ಗಂಜಿ ಹಾಕಿದ ಕೊರಳಪಟ್ಟಿ, ಕುಣಿತ, ಜೂಜು, ನಾಟಕ, ಸಂಗೀತ ಎಲ್ಲಕ್ಕೂ ಜಾಗವಿತ್ತು. ಇಂಪಾದ ಸಂಗೀತ ಗಂಡಸರನ್ನು ಮೆತ್ತಗೆ ಮಾಡಿ ಹೆಣ್ಣಿಗರನ್ನಾಗಿಸುತ್ತದೆ ಎಂಬುದು ಅವನ ಹೆದರಿಕೆ. ಕಿವಿಯಿಂದ ಇಳಿದದ್ದು ಬುದ್ಧಿಯ ಅಪ್ಪಣೆ ಕೇಳದೆ ಮನಸ್ಸನ್ನು ಹಿಡಿಯುತ್ತದಲ್ಲ, ಅದೇ ಅವರನ್ನು ಕಾಡಿದ್ದು.

ಈ ಮಾತುಗಳಿಗೆಲ್ಲ ಬೇರು ಬಹಳ ಹಿಂದಿನದು. ಪ್ಲೇಟೊ ತನ್ನ ಆದರ್ಶ ನಗರದಿಂದ ಕವಿಗಳನ್ನು ಹೊರಗೆ ಕಳಿಸಿದ್ದ. ಕ್ರೈಸ್ತ ಗುರು ಟರ್ಟುಲಿಯನ್ ರೋಮನ್ನರ ಬಯಲಾಟಗಳ ವಿರುದ್ಧ ಗ್ರಂಥ ಬರೆದಿದ್ದ. ನಮ್ಮಲ್ಲೂ ಇಂಥದೊಂದು ಸ್ಮೃತಿವಾಕ್ಯವಿದೆ, ಕಾವ್ಯದ ಹರಟೆಯನ್ನು ಬಿಡಬೇಕೆಂದು ಹೇಳುವುದು. ಕಾಳಿದಾಸನಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥ ಆ ಆಕ್ಷೇಪವನ್ನು ತಾನೇ ಎತ್ತಿಕೊಂಡು, ನಿಷೇಧ ಕೆಟ್ಟ ಕಾವ್ಯಕ್ಕೆ ಮಾತ್ರ ಎಂದು ಜಾಣತನದಿಂದ ದಾಟಿಬಿಡುತ್ತಾನೆ. ಲಂಡನ್ನಿನ ಜಗಳ ಅಷ್ಟು ಬೇಗ ಮುಗಿಯುವಂಥದ್ದಾಗಿರಲಿಲ್ಲ.

ಅಲ್ಲಿಯ ಅರ್ಜಿಯಲ್ಲಿ ಅತಿ ಗಂಭೀರವಾದದ್ದು ವೇಷದ ಪ್ರಶ್ನೆ. ಆಗ ಇಂಗ್ಲೆಂಡಿನ ವೃತ್ತಿರಂಗಭೂಮಿಯಲ್ಲಿ ಹೆಂಗಸರು ಇರಲಿಲ್ಲ. ಜೂಲಿಯೆಟ್, ಡೆಸ್ಡಿಮೋನಾ, ಕ್ಲಿಯೊಪಾತ್ರಾ ಎಲ್ಲರೂ ಧ್ವನಿ ಒಡೆಯದ ಹುಡುಗರೇ. ಯಕ್ಷಗಾನದ ಸ್ತ್ರೀವೇಷವನ್ನೋ ಹಳೆಯ ಕಂಪನಿ ನಾಟಕಗಳನ್ನೋ ಬಲ್ಲ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಆದರೆ ಬೈಬಲ್ಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ ಗಂಡಸು ಹೆಣ್ಣುಡುಗೆ ಉಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ನಾಟಕಕ್ಕೆಂದು ಉಟ್ಟರೆ ತಪ್ಪೇನು, ಮೋಸಮಾಡುವ ಉದ್ದೇಶ ಇಲ್ಲವಲ್ಲ ಎಂದು ಆಕ್ಸ್‌ಫರ್ಡಿನ ನಾಟಕಕಾರ ವಿಲಿಯಂ ಗೇಜರ್ ಕೇಳಿದ. ಅದಕ್ಕೆ ರೇನಾಲ್ಡ್ಸ್ ಕೊಟ್ಟ ಉತ್ತರಗಳೇ ಮುಂದೆ ಪುಸ್ತಕವಾದದ್ದು. ಉದ್ದೇಶ ಏನೇ ಇರಲಿ, ಹಾವಭಾವ ಅಭ್ಯಾಸ ಮಾಡಿದವನ ಮನಸ್ಸಿನ ಮೇಲೂ ನೋಡಿದವನ ಮನಸ್ಸಿನ ಮೇಲೂ ಅದರ ಗುರುತು ಉಳಿಯುತ್ತದೆ ಎಂಬ ನಿಲುವು ಅವನದು. ಹೆಣ್ಣುವೇಷ ಕಟ್ಟಿ ರಾಣಿಯ ಮುಂದೆ ನಿಂತವನ ಮಾತು ಇದು ಎಂಬುದನ್ನು ಮರೆಯುವಂತಿಲ್ಲ.

ವೇಷದಲ್ಲಿ ಇನ್ನೊಂದು ಮುಳ್ಳೂ ಇತ್ತು. ಯಾವ ಅಂತಸ್ತಿನವರು ಯಾವ ಬಟ್ಟೆ ಉಡಬಹುದು ಎಂದು ಎಲಿಜಬೆತ್ ಮತ್ತೆ ಮತ್ತೆ ರಾಜಾಜ್ಞೆ ಹೊರಡಿಸುತ್ತಿದ್ದ ಕಾಲ ಅದು. ರೇಷ್ಮೆ, ಮಖಮಲ್ಲು, ಜರಿ ಕುಲೀನರಿಗೆ ಮೀಸಲು. ಅಂಥ ಸಮಾಜದಲ್ಲಿ ಕೈಗಸುಬಿನವನ ಮಗ ಮಖಮಲ್ಲು ಹೊದ್ದು ರಾಜನಾಗಿ ನಡೆದಾಡುತ್ತಾನೆ, ಒಂದು ಪೆನ್ನಿ ಕೊಟ್ಟವರೆಲ್ಲ ಅದನ್ನು ನೋಡುತ್ತಾರೆ. ನೈತಿಕ ಆಕ್ಷೇಪ ಎಂದು ನಾವು ಕರೆಯುವುದರ ಒಳಗೆ ಈ ಅಂತಸ್ತಿನ ಕಳವಳವೂ ಬೆರೆತಿತ್ತು.

ಅನಾಹುತವಾದರೆ ಅದೂ ಸಾಕ್ಷಿಯಾಗುತ್ತಿತ್ತು. 1583ರ ಜನವರಿ 13, ಭಾನುವಾರ. ಲಂಡನ್ನಿನ ಪ್ಯಾರಿಸ್ ಗಾರ್ಡನ್‌ನಲ್ಲಿ ಕರಡಿಯ ಮೇಲೆ ನಾಯಿ ಬಿಡುವ ಆಟ ನಡೆಯುತ್ತಿದ್ದಾಗ ನೋಡುಗರ ಅಟ್ಟಣಿಗೆ ಕುಸಿದು ಹಲವರು ಸತ್ತರು. ಅಲ್ಲಿ ನಾಟಕವೇ ಇರಲಿಲ್ಲ. ಆದರೂ ಸಬ್ಬತ್ ದಿನ ಮುರಿದು ಮೋಜಿಗೆ ಹೋದವರಿಗೆ ದೇವರು ಕೊಟ್ಟ ಶಿಕ್ಷೆ ಎಂದು ಪ್ಯೂರಿಟನ್ ಬೋಧಕ ಜಾನ್ ಫೀಲ್ಡ್ ಒಂದು ಕಿರುಪುಸ್ತಕ ಹೊರಡಿಸಿದ, ಕೋಲನ್ನು ನಾಟಕಗಳತ್ತಲೂ ಬೀಸಿದ. ಪ್ಯೂರಿಟನ್ನರು ಎಂದರೆ ಚರ್ಚನ್ನು ಹಳೆಯ ಆಡಂಬರದಿಂದ ಪೂರ್ತಿ ಶುದ್ಧಿ ಮಾಡಬೇಕೆಂದಿದ್ದ ಪಂಗಡ. ಈ ಫೀಲ್ಡನಿಗೆ 1587ರಲ್ಲಿ ನೇಥನ್ ಎಂಬ ಮಗ ಹುಟ್ಟಿದ. ಮರುವರ್ಷವೇ ತಂದೆ ತೀರಿಕೊಂಡ. ಮಗ ಶಾಲಾಹುಡುಗನಾಗಿದ್ದಾಗ ಬಾಲನಟರ ಮೇಳಕ್ಕೆ ಎಳೆಯಲ್ಪಟ್ಟು, ಬೆಳೆದು ಹೆಸರಾಂತ ನಟನೂ ನಾಟಕಕಾರನೂ ಆದ. ಷೇಕ್ಸ್‌ಪಿಯರನ ನಾಟಕಗಳ 1623ರ ಸಂಪುಟದ ಮೊದಲ ಪುಟಗಳಲ್ಲಿ ಅಚ್ಚಾದ ನಟರ ಪಟ್ಟಿಯಲ್ಲಿ ಅವನ ಹೆಸರೂ ಇದೆ. 1616ರಲ್ಲಿ ಅವನ ಪ್ಯಾರಿಷಿನ ಬೋಧಕ ಪೀಠದಿಂದ ನಟರನ್ನು ಖಂಡಿಸಿದಾಗ ನೇಥನ್ ಅವನಿಗೊಂದು ಪತ್ರ ಬರೆದ. ನಮ್ಮ ಕಸುಬನ್ನು ದೇವರು ಎಲ್ಲಿ ಶಪಿಸಿದ್ದಾನೆ, ತೋರಿಸಿ ಎಂಬುದು ಅದರ ತಾತ್ಪರ್ಯ. ನಟನೊಬ್ಬ ಧರ್ಮಗ್ರಂಥವನ್ನೇ ಆಧಾರ ಮಾಡಿಕೊಂಡು ಬೋಧಕನಿಗೆ ಸವಾಲು ಹಾಕಿದ್ದು ಅದು.

ಈಗ ಪ್ರತಿವಾದದ ಕಡೆ ಬರೋಣ. ಗಾಸನ್ ತನ್ನ ಪುಸ್ತಕವನ್ನು ಕೇಳದೆಯೇ ಸರ್ ಫಿಲಿಪ್ ಸಿಡ್ನಿಗೆ ಅರ್ಪಿಸಿದ್ದ. ಸಿಡ್ನಿ ಕವಿ, ಯೋಧ, ಆಸ್ಥಾನಿಕ, ಜೊತೆಗೆ ನಿಷ್ಠಾವಂತ ಪ್ರಾಟೆಸ್ಟಂಟ್. ಅವನು ಗಾಸನ್‌ನ ಹೆಸರೆತ್ತದೆ ಕಾವ್ಯದ ಪರವಾಗಿ ಒಂದು ಪ್ರಬಂಧ ಬರೆದ. 1586ರಲ್ಲಿ ಯುದ್ಧದ ಗಾಯದಿಂದ ಅವನು ತೀರಿಕೊಂಡ ಮೇಲೆ, 1595ರಲ್ಲಿ, ಅದು ಅಚ್ಚಾಯಿತು. ಕಾವ್ಯದ ಮೇಲಿನ ಆರೋಪಗಳನ್ನು ಅವನು ನಾಲ್ಕಾಗಿ ವಿಂಗಡಿಸಿದ: ಅದು ಕಾಲಹರಣ, ಅದು ಸುಳ್ಳಿನ ತಾಯಿ, ಅದು ಕೆಟ್ಟ ಆಸೆಗಳನ್ನು ಸಾಕುತ್ತದೆ, ಪ್ಲೇಟೊ ಅದನ್ನು ಗಡೀಪಾರು ಮಾಡಿದ. ಎರಡನೆಯದಕ್ಕೆ ಅವನು ಕೊಟ್ಟ ಉತ್ತರ ಇವತ್ತಿಗೂ ಹೊಳಪು ಕಳೆದುಕೊಂಡಿಲ್ಲ. ಇದು ನಿಜ ಎಂದು ಪ್ರಮಾಣ ಮಾಡಿ ಹೇಳಿದವನು ಮಾತ್ರ ಸುಳ್ಳು ಹೇಳಲು ಸಾಧ್ಯ. ಕವಿ ಹಾಗೆ ಏನನ್ನೂ ಸಾಧಿಸಲು ಹೊರಟಿಲ್ಲ, ಆದ್ದರಿಂದ ಅವನು ಸುಳ್ಳುಗಾರನಾಗಲಾರ ಎಂದ ಸಿಡ್ನಿ. ಚರಿತ್ರಕಾರನಿಗೂ ಜ್ಯೋತಿಷಿಗೂ ವೈದ್ಯನಿಗೂ ಆ ಅನುಕೂಲ ಇಲ್ಲ.

ಸಿಡ್ನಿ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅವನೂ ಕಾವ್ಯ ಸದ್ಗುಣವನ್ನು ಕಲಿಸುತ್ತದೆ, ತತ್ತ್ವಶಾಸ್ತ್ರಕ್ಕಿಂತ ಸೊಗಸಾಗಿ ಕಲಿಸುತ್ತದೆ ಎಂಬ ವಾದವನ್ನೇ ಮುಂದಿಟ್ಟ. ನಟ, ನಾಟಕಕಾರ ಥಾಮಸ್ ಹೇವುಡ್ 1612ರಲ್ಲಿ ನಟರ ಪರವಾಗಿ ಬರೆದ ಪುಸ್ತಕದಲ್ಲಿ ಇದು ಇನ್ನೂ ಒರಟಾಗಿ ಬಂತು. ನಾರ್ಫೋಕ್ ಸೀಮೆಯ ಲಿನ್ ಎಂಬ ಊರಿನಲ್ಲಿ, ಗಂಡನನ್ನು ಕೊಂದ ಹೆಂಗಸಿನ ಕಥೆಯ ನಾಟಕ ನೋಡುತ್ತಿದ್ದ ಒಬ್ಬಾಕೆ ಕಿರುಚಿಕೊಂಡು, ತಾನೂ ಗಂಡನನ್ನು ಕೊಂದಿದ್ದನ್ನು ಒಪ್ಪಿಕೊಂಡಳು ಎಂದು ಅವನು ಹೇಳುತ್ತಾನೆ. ಹ್ಯಾಮ್ಲೆಟ್ ತನ್ನ ಚಿಕ್ಕಪ್ಪನ ಮುಂದೆ ನಾಟಕ ಆಡಿಸುವುದೂ ಇದೇ ನಂಬಿಕೆಯಿಂದ. ಈಗ ಯೋಚಿಸಿ: ನಾಟಕ ನೋಡಿ ಕೊಲೆಗಾರ್ತಿ ತಪ್ಪೊಪ್ಪಿಕೊಳ್ಳುವುದು ನಿಜವಾದರೆ, ನಾಟಕ ನೋಡಿ ಹುಡುಗ ಕೆಟ್ಟುಹೋಗುವುದೂ ನಿಜವಾಗಬಹುದಲ್ಲ? ಒಂದು ಗುಣವನ್ನು ನಾಟಕದ ಲೆಕ್ಕಕ್ಕೆ ಬರೆದುಕೊಂಡವನು ಅವಗುಣವನ್ನು ಬೇರೆ ಲೆಕ್ಕಕ್ಕೆ ಹಾಕಲಾರ. ಹೇವುಡ್ ಗೆಲ್ಲಲು ಹೋಗಿ ಗಾಸನ್‌ನ ಅರ್ಧ ವಾದವನ್ನು ಒಪ್ಪಿಬಿಟ್ಟಿದ್ದ.

ಈ ದಾವೆಯ ಅತಿ ದೊಡ್ಡ ಕಡತ ವಿಲಿಯಂ ಪ್ರಿನ್ ಎಂಬ ವಕೀಲನದು. 1632ರ ಕೊನೆಯಲ್ಲಿ ಹೊರಬಂದ, 1633ನೆಯ ಇಸವಿ ಹಾಕಿದ್ದ ‘ಹಿಸ್ಟ್ರಿಯೊಮಾಸ್ಟಿಕ್ಸ್’ ಸಾವಿರಕ್ಕೂ ಹೆಚ್ಚು ಪುಟಗಳ ಗ್ರಂಥ. ಷೇಕ್ಸ್‌ಪಿಯರನ ನಾಟಕಗಳನ್ನು ಬೈಬಲ್ಲಿಗಿಂತ ಒಳ್ಳೆಯ ಕಾಗದದಲ್ಲಿ ಅಚ್ಚು ಹಾಕುತ್ತಿದ್ದಾರೆ ಎಂದು ಅವನು ಗೊಣಗಿದ. ‘ಡಾಕ್ಟರ್ ಫಾಸ್ಟಸ್’ ಆಡುವಾಗ ರಂಗದ ಮೇಲೆ ನಿಜವಾದ ಸೈತಾನನೇ ಕಾಣಿಸಿಕೊಂಡ ಎಂಬ ಕಥೆಯನ್ನೂ ಸೇರಿಸಿದ. ಎಡವಟ್ಟಾದದ್ದು ಪುಸ್ತಕದ ಕೊನೆಯ ವಿಷಯಸೂಚಿಯಲ್ಲಿ. ರಂಗವೇರುವ ಹೆಂಗಸರೆಲ್ಲ ನಡತೆಗೆಟ್ಟವರು ಎಂಬ ಅರ್ಥದ ನಮೂದು ಅಲ್ಲಿತ್ತು. 1633ರ ಜನವರಿಯಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ರಾಣಿ ಹೆನ್ರಿಯೆಟಾ ಮರಿಯಾ ತನ್ನ ಸಖಿಯರೊಡನೆ ಅರಮನೆಯಲ್ಲಿ ನಾಟಕವೊಂದರಲ್ಲಿ ಪಾತ್ರ ಮಾಡಿದಳು. ಆ ನಮೂದು ರಾಣಿಯನ್ನೇ ಕುರಿತದ್ದು ಎಂದಾಯಿತು. ಪುಸ್ತಕ ಮೊದಲೇ ಅಚ್ಚಾಗಿತ್ತು ಎಂದರೂ ಯಾರೂ ಕೇಳಲಿಲ್ಲ. 1634ರಲ್ಲಿ ಸ್ಟಾರ್ ಚೇಂಬರ್ ನ್ಯಾಯಾಲಯ ಪ್ರಿನ್‌ಗೆ 5000 ಪೌಂಡ್ ದಂಡ, ಜೀವಾವಧಿ ಸೆರೆ, ವಕೀಲಿ ಸನದು ರದ್ದು, ಆಕ್ಸ್‌ಫರ್ಡ್ ಪದವಿ ವಾಪಸು ಎಂದು ವಿಧಿಸಿತು. ಬಜಾರಿನಲ್ಲಿ ಕತ್ತು, ಕೈಗಳನ್ನು ಹಲಗೆಗೆ ಸಿಕ್ಕಿಸಿ ನಿಲ್ಲಿಸಿ ಅವನ ಕಿವಿ ಕತ್ತರಿಸಿದರು. ಗ್ರಂಥವನ್ನು ಸುಟ್ಟರು. 1637ರಲ್ಲಿ ಬೇರೆ ಬರಹಗಳಿಗಾಗಿ ಉಳಿದ ಕಿವಿಯ ಚೂರೂ ಹೋಯಿತು. ಕೆನ್ನೆಗೆ ಕಾದ ಕಬ್ಬಿಣದ ಬರೆ ಬಿತ್ತು. ನಾಟಕವನ್ನು ಪ್ರೀತಿಸಿದ ಅರಮನೆಯ ಕೈಗಳೇನೂ ನಾಟಕವನ್ನು ದ್ವೇಷಿಸಿದವರ ಕೈಗಳಿಗಿಂತ ಮೃದುವಾಗಿರಲಿಲ್ಲ.

ದೊರೆಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಶುರುವಾದಾಗ, 1642ರ ಸೆಪ್ಟೆಂಬರ್ 2ರಂದು ಪಾರ್ಲಿಮೆಂಟು ನಾಟಕಗಳನ್ನು ನಿಲ್ಲಿಸಿತು. ಆ ಆದೇಶ ಕೊಟ್ಟ ಕಾರಣ ಕಷ್ಟಕಾಲ: ದೇಶ ಉಪವಾಸ ಪ್ರಾರ್ಥನೆಯಲ್ಲಿರಬೇಕಾದ ಹೊತ್ತಿನಲ್ಲಿ ವಿನೋದ ಸಲ್ಲದು. 1648ರ ಹೊತ್ತಿಗೆ ದನಿ ಗಡುಸಾಯಿತು. ರಂಗದ ಅಟ್ಟಣಿಗೆಗಳನ್ನು ಕೆಡವಿ, ನಟರಿಗೆ ಛಡಿಯೇಟು ಕೊಡಿ, ನೋಡಲು ಬಂದವರಿಗೆ ಐದು ಷಿಲಿಂಗ್ ದಂಡ ಹಾಕಿ ಎಂಬ ಆಜ್ಞೆ ಬಂತು. 1644ರಲ್ಲಿ ಚರ್ಚುಗಳಿಂದ ಆರ್ಗನ್ ವಾದ್ಯಗಳನ್ನು ಕಿತ್ತುಹಾಕುವ ಆದೇಶವೂ ಹೊರಟಿತ್ತು. ಮೇಳದವರ ನಾದದ ಹೆಣಿಗೆಯಲ್ಲಿ ಮಂತ್ರದ ಮಾತು ಮುಳುಗಿಹೋಗುತ್ತದೆ, ಸಭಿಕರೆಲ್ಲ ಸೇರಿ ಸರಳವಾಗಿ ಕೀರ್ತನೆ ಹಾಡಿದರೆ ಸಾಕು ಎಂಬುದು ಪಾರ್ಲಿಮೆಂಟಿನ ಕಡೆಯ ಪ್ಯೂರಿಟನ್ನರ ತರ್ಕ.

ಆದರೆ ಪ್ಯೂರಿಟನ್ನರಿಗೆಲ್ಲ ಸಂಗೀತವೇ ವಿಷ ಎಂದುಕೊಂಡರೆ ತಪ್ಪಾದೀತು. ಅವರ ನಾಯಕ ಆಲಿವರ್ ಕ್ರಾಮ್‌ವೆಲ್ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನ ಆರ್ಗನ್ನನ್ನು ತನ್ನ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ತರಿಸಿಕೊಂಡು ಕೇಳುತ್ತಿದ್ದ. ಜಾನ್ ಪ್ಲೇಫೋರ್ಡ್‌ನ ನೃತ್ಯದ ಪುಸ್ತಕ 1651ರಲ್ಲಿ, ಅವರ ಆಳ್ವಿಕೆಯಲ್ಲೇ ಬಂತು. ಆ ಪಕ್ಷದ ದೊಡ್ಡ ಕವಿ ಮಿಲ್ಟನ್ ಸಂಗೀತ ರಚನೆಕಾರನ ಮಗ. ಷೇಕ್ಸ್‌ಪಿಯರನ ಸಂಪುಟದ ಎರಡನೆಯ ಮುದ್ರಣಕ್ಕೆ ಅವನನ್ನು ಹೊಗಳಿ ಪದ್ಯ ಬರೆದವನು. ನಾಟಕ ನಿಷೇಧವಿದ್ದ 1656ರಲ್ಲೇ ವಿಲಿಯಂ ಡ್ಯಾವನೆಂಟ್ ‘ದಿ ಸೀಜ್ ಆಫ್ ರೋಡ್ಸ್’ ಎಂಬುದನ್ನು ಸಂಗೀತದ ಕಾರ್ಯಕ್ರಮವೆಂದು ಹೇಳಿ ಪ್ರದರ್ಶಿಸಿದ. ಅದರಲ್ಲಿ ಕೋಲ್ಮನ್ ಎಂಬಾಕೆ ಹಾಡಿ ಪಾತ್ರ ವಹಿಸಿದಳು. ಇಂಗ್ಲೆಂಡಿನ ಸಾರ್ವಜನಿಕ ರಂಗದ ಮೇಲೆ ಹೆಂಗಸರಿಗೆ ದಾರಿ ಹೀಗೆ ತೆರೆಯಿತು, ಅದೂ ನಿಷೇಧದ ಮರೆಯಲ್ಲಿ! 1660ರಲ್ಲಿ ದೊರೆತನ ಮರಳಿದಾಗ ರಂಗಮಂದಿರಗಳು ಮರಳಿದವು, ನಟಿಯರೂ ಬಂದರು.

ಇಷ್ಟೆಲ್ಲ ದೀರ್ಘ ವಿಚಾರಣೆಯಲ್ಲಿ ಯಾರೂ ಕಟಕಟೆಗೆ ಕರೆಯದ ಒಬ್ಬ ಸಾಕ್ಷಿಯಿದ್ದ. ಅವನು ಒಂದು ಪೆನ್ನಿ ಕೊಟ್ಟು ನಾಟಕ ನೋಡಿದವನು. ಅವನು ಕೆಡುತ್ತಾನೆ ಎಂದು ಒಬ್ಬರು, ಉದ್ಧಾರವಾಗುತ್ತಾನೆ ಎಂದು ಇನ್ನೊಬ್ಬರು ಅವನ ಪರವಾಗಿ ಹೇಳಿಕೆ ಕೊಡುತ್ತಲೇ ಇದ್ದರು. ಅದೃಷ್ಟಕ್ಕೆ ಅಂಥ ಒಬ್ಬ ಪ್ರೇಕ್ಷಕನ ಟಿಪ್ಪಣಿ ಉಳಿದಿದೆ. ಸೈಮನ್ ಫೋರ್ಮನ್ ಎಂಬ ಲಂಡನ್ನಿನ ಜ್ಯೋತಿಷಿ, ನಾಟಿವೈದ್ಯ 1611ರ ಮೇ 15ರಂದು ಗ್ಲೋಬ್‌ನಲ್ಲಿ ‘ದಿ ವಿಂಟರ್ಸ್ ಟೇಲ್’ ನೋಡಿ ಬಂದು ಕಥೆ ಬರೆದಿಟ್ಟ. ಅನುಮಾನದ ಗಂಡ, ನೊಂದ ರಾಣಿ, ಕಳೆದುಹೋದ ಮಗು ಇರುವ ನಾಟಕ ಅದು. ಕೊನೆಗೆ ಸತ್ತಳೆಂದುಕೊಂಡ ರಾಣಿಯ ವಿಗ್ರಹ ಎಲ್ಲರೆದುರು ಜೀವತಳೆದು ಇಳಿದು ಬರುತ್ತದೆ. ಫೋರ್ಮನ್ ಆ ವಿಗ್ರಹದ ಮಾತನ್ನೇ ಎತ್ತಲಿಲ್ಲ! ಅವನು ಕಟ್ಟಿಕೊಂಡು ಹೋದ ನೀತಿ ಏನು ಗೊತ್ತೇ? ಭಿಕ್ಷುಕರ ವೇಷದಲ್ಲಿ ಬಂದು ಸವಿಮಾತಾಡುವ ವಂಚಕರನ್ನು ನಂಬಬಾರದು ಎಂಬುದು. ನಾಟಕದಲ್ಲಿ ಆಟೊಲಿಕಸ್ ಎಂಬ ಜೇಬುಗಳ್ಳನ ಪಾತ್ರವಿದೆ; ಫೋರ್ಮನ್ನನ ಕಣ್ಣಿಗೆ ಹತ್ತಿದ್ದು ಅದು.

ಫೋರ್ಮನ್ ಕೆಡಲೂ ಇಲ್ಲ, ಪುಣ್ಯವಂತನೂ ಆಗಲಿಲ್ಲ. ತನಗೆ ಬೇಕಾದದ್ದನ್ನು ಆರಿಸಿಕೊಂಡು ಮನೆಗೆ ಹೋದ. ಗಾಸನ್, ರೇನಾಲ್ಡ್ಸ್, ಹೇವುಡ್ ಮೂವರ ತಕ್ಕಡಿಗೂ ಸಿಗದ ಸತ್ಯ ಇದು. ನೋಡುವವನು ಸುರಿದದ್ದನ್ನೆಲ್ಲ ತುಂಬಿಕೊಳ್ಳುವ ಖಾಲಿ ಪಾತ್ರೆ ಎಂದು ಅವರು ಎಣಿಸಿದ್ದರು. ಅವನಿಗೂ ಒಂದು ಮನಸ್ಸಿದೆ, ಅದಕ್ಕೂ ಒಂದು ಮೊಂಡುತನವಿದೆ.

ಇವತ್ತು ಸಿನಿಮಾ, ಟಿವಿ, ಮೊಬೈಲ್ ಮೇಲೆ ಇದೇ ದಾವೆಗಳು ನಡೆಯುತ್ತಿವೆ. ಕಲೆಯ ಪರ ನಿಲ್ಲುವ ನಾವು, ಇದು ಒಳ್ಳೆಯ ಸಂದೇಶ ಕೊಡುತ್ತದೆ, ಆದ್ದರಿಂದ ಬಿಡಿ ಎಂದು ಬೇಡಿಕೊಳ್ಳುತ್ತೇವೆ. ಆ ಮಾತು ಹೊರಟ ಕ್ಷಣಕ್ಕೇ ಸಂದೇಶ ಕೊಡದ ಕೃತಿಗೆ ಬದುಕುವ ಹಕ್ಕಿಲ್ಲ ಎಂದು ಸಹಿ ಹಾಕಿಕೊಟ್ಟಂತಾಗುತ್ತದೆ. ಗದ್ದಲ, ಮೋಸ, ಹಿಂಸೆಗಳಿಗೆ ಕಾನೂನು ಇದೆ. ಅದು ತನ್ನ ಕೆಲಸ ಮಾಡಲಿ. ಕಥೆ ಕಟ್ಟಿದವನಿಂದ ನಡತೆಯ ಪ್ರಮಾಣಪತ್ರ ಕೇಳುವುದು ಬೇಡ, ನಾವೇ ಮುಂದಾಗಿ ಅದನ್ನು ಕೊಡುವುದೂ ಬೇಡ.